ನಾನು ಗೆರೆ ಎಳೆದ ಕಾಲಂ

ನರ್ಸಿಂಗ್ ಮೂರನೇ ವರ್ಷದಲ್ಲಿ ನನಗೆ ಸರ್ಕಾರಿ ಆಸ್ಪತ್ರೆಯೊಂದರ ಸುರಕ್ಷಾ ಕ್ಲಿನಿಕ್‌ಗೆ ಪೋಸ್ಟಿಂಗ್ ಬಿತ್ತು. ಲೈಂಗಿಕ ಸೋಂಕುಗಳಿಗೆ ಉಚಿತ ಚಿಕಿತ್ಸೆ ಸಿಗುವ ಜಾಗ. ಬೋರ್ಡ್ ನೋಡಿದರೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಬರುವವರಿಗೆ ಅದೇ ಒಂದು ಧೈರ್ಯ.

ಎರಡನೇ ದಿನ ನನ್ನದೇ ವಯಸ್ಸಿನ ಡಿಗ್ರಿ ಹುಡುಗನೊಬ್ಬ ಬಂದ. ‘ಉರಿಮೂತ್ರ ಸಿಸ್ಟರ್, ನೀರು ಕಡಿಮೆ ಕುಡಿದಿದ್ದೆ ಅನ್ಸುತ್ತೆ’ ಎಂದ. ‘ಮದುವೆ ಆಗಿದೆಯಾ?’ ಎಂದು ಕೇಳಿದೆ. ‘ಇಲ್ಲ’ ಎಂದ. ಲೈಂಗಿಕ ಸಂಪರ್ಕದ ಕಾಲಂಗೆ ಗೆರೆ ಎಳೆದು ಮುಂದಕ್ಕೆ ಹೋದೆ. ಇದೇ ಪಾಠದ ಪ್ರಶ್ನೆಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದವಳು ನಾನು!

ಸೀನಿಯರ್ ಸಿಸ್ಟರ್ ಆ ಗೆರೆ ನೋಡಿದರು. ಬೈಯಲಿಲ್ಲ. ಎದ್ದು ಬಾಗಿಲು ಹಾಕಿದರು. ‘ಇಲ್ಲಿಗೆ ಬರೋ ಎಲ್ಲರನ್ನೂ ಕೆಲವು ವಿಷಯ ಕೇಳ್ತೀನಪ್ಪಾ. ನೀನು ಹೇಳಿದ್ದು ಹೊರಗೆ ಹೋಗಲ್ಲ. ಕೇಳ್ಲಾ?’ ಅವನು ತಲೆಯಾಡಿಸಿದ. ‘ಈಚೆಗೆ ಯಾರ ಜೊತೆಗಾದರೂ ಸೇರಿದ್ದೆಯಾ? ಕಾಂಡೋಮ್ ಬಳಸಿದ್ರಾ?’ ಹುಡುಗಿ ಎನ್ನಲಿಲ್ಲ, ‘ಯಾರ ಜೊತೆ’ ಎಂದರು. ಆ ಒಂದು ಪದದಲ್ಲಿ ಎಷ್ಟು ಜನರಿಗೆ ಜಾಗವಿದೆ ಎಂದು ನನಗೆ ಆಮೇಲೆ ಹೊಳೆಯಿತು.

ಅವನು ನೆಲ ನೋಡುತ್ತಲೇ ಹೇಳಿದ. ಹತ್ತು ದಿನದಿಂದ ಕೀವು ಹೋಗುತ್ತಿತ್ತಂತೆ. ‘ಗುಪ್ತರೋಗ’ದ ಗೋಡೆ ಪೋಸ್ಟರ್ ನೋಡಿ, ಲಾಡ್ಜ್‌ನಲ್ಲಿ ಕೂರುವ ವೈದ್ಯರಿಗೆ ಹಾಸ್ಟೆಲ್ ಫೀಸಿನ ದುಡ್ಡು ಕೊಟ್ಟು ಬಂದಿದ್ದ.

ಡಾಕ್ಟರ್ ಪರೀಕ್ಷಿಸಿದರು. ಲ್ಯಾಬ್ ವರದಿಗೆಂದು ವಾಪಸ್ ಕಳುಹಿಸಿದರೆ ಎಷ್ಟೋ ಜನ ಮತ್ತೆ ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಲಕ್ಷಣ ನೋಡಿಯೇ ಚಿಕಿತ್ಸೆ ಶುರು. ಔಷಧಿ ಕಿಟ್‌ಗಳಿಗೆ ಬಣ್ಣಗಳಿವೆ. ಅವನಿಗೆ ಸಿಕ್ಕಿದ್ದು ಬೂದು ಬಣ್ಣದ 1ನೇ ಕಿಟ್: ಅಜಿಥ್ರೋಮೈಸಿನ್, ಸೆಫಿಕ್ಸಿಮ್. ಗೊನೋರಿಯಾ, ಕ್ಲಮೈಡಿಯಾ ಎರಡಕ್ಕೂ ಸೇರಿಸಿ, ಒಂದೇ ಸಲ ನುಂಗುವ ಮಾತ್ರೆಗಳು. ಸಿಫಿಲಿಸ್‌ಗೆ ರಕ್ತ ತೆಗೆದೆವು. ಎಚ್‌ಐವಿ ಪರೀಕ್ಷೆಗೆ ಮೊದಲು ಅವನ ಒಪ್ಪಿಗೆ ಕೇಳಿದೆವು.

‘ಅವಳಿಗೇನೂ ತೊಂದರೆ ಇಲ್ಲ ಸಿಸ್ಟರ್’ ಎಂದ. ತೊಡಕು ಇರುವುದೇ ಅಲ್ಲಿ. ಕ್ಲಮೈಡಿಯಾ ಬಹಳಷ್ಟು ಹೆಣ್ಣುಮಕ್ಕಳಲ್ಲಿ ಸದ್ದಿಲ್ಲದೆ ಇರುತ್ತದೆ. ಹಾಗೇ ಬಿಟ್ಟರೆ ಗರ್ಭನಾಳದವರೆಗೂ ಏರಿ, ಮುಂದೆ ಮಕ್ಕಳಾಗಲು ಕಷ್ಟವಾಗಬಹುದು. ಅವಳಿಗೆ ಕೊಡಲೆಂದು ಸಿಸ್ಟರ್ ಒಂದು ಚೀಟಿ ಕೊಟ್ಟರು. ಅದರಲ್ಲಿ ಕಾಯಿಲೆಯ ಹೆಸರಿರಲಿಲ್ಲ. ‘ಹೇಗೆ ಹೇಳಲಿ?’ ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಸಿಸ್ಟರ್ ಅರ್ಧ ಗಂಟೆ ಅವನ ಜೊತೆ ಕೂತರು.

ಏಳನೇ ದಿನ ಬಂದ. ಉರಿ, ಕೀವು ನಿಂತಿತ್ತು. ನಾನು ಅವನ ಹಿಂದೆ, ಬಾಗಿಲ ಕಡೆ ನೋಡಿದೆ. ಒಬ್ಬನೇ ಬಂದಿದ್ದ.