ಉಪ್ಪುನೀರಿನ ತೊಟ್ಟಿಯಲ್ಲಿ ಮೀನುಗಳ ಕಾದಾಟ ಮತ್ತು ಅದರ ನಿವಾರಣೆ

ಕೊಟ್ಟಿಗೆಗೆ ಹೊಸ ಹಸುವನ್ನು ತಂದ ದಿನ ಹಳೆಯವು ಕೊಂಬು ಚಾಚಿ ಹಾಯುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಸಮುದ್ರದ ಅಲಂಕಾರಿಕ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರೂ ಇದನ್ನೇ ಕಾಣುತ್ತಾರೆ. ಸಮುದ್ರದಲ್ಲಿ ಸೋತ ಮೀನು ದೂರ ಓಡಿ ಬದುಕುತ್ತದೆ. ತೊಟ್ಟಿಯಲ್ಲಿ ಓಡಲು ಸ್ಥಳವಿಲ್ಲ. ಹಣ ಕೊಟ್ಟು ತಂದ ಮೀನು ಸಾಯುವುದಲ್ಲದೆ, ಅದು ಕೊಳೆತು ನೀರಿನಲ್ಲಿ ಅಮೋನಿಯ ಹೆಚ್ಚಿ ಉಳಿದವಕ್ಕೂ ಅಪಾಯ ತಟ್ಟುತ್ತದೆ.

ಕಾರಣಗಳು

ಹವಳದ ದಿಬ್ಬಗಳಲ್ಲಿ ವಾಸಿಸುವ ಅನೇಕ ಮೀನುಗಳು ಒಂದೊಂದು ಪೊಟರೆಯನ್ನು ತಮ್ಮದೆಂದು ಕಾಯುತ್ತವೆ. ಅಡಗುವ ಜಾಗ, ಆಹಾರ ಮತ್ತು ಮೊಟ್ಟೆಯಿಡುವ ತಾಣ, ಈ ಮೂರೇ ಜಗಳದ ಮೂಲ. ಸ್ವಜಾತಿಯ ಅಥವಾ ಆಕಾರ, ಬಣ್ಣಗಳಲ್ಲಿ ತನ್ನನ್ನು ಹೋಲುವ ಮೀನಿನ ಮೇಲೆ ಸಿಟ್ಟು ಹೆಚ್ಚು. ಡ್ಯಾಮ್ಸೆಲ್ ಮೀನು ಚಿಕ್ಕದಾದರೂ ತನಗಿಂತ ದೊಡ್ಡದನ್ನು ಅಟ್ಟುತ್ತದೆ. ಸರ್ಜನ್ ಮೀನಿನ ಬಾಲದ ಬುಡದಲ್ಲಿ ಚೂರಿಯಂತಹ ಮುಳ್ಳಿದ್ದು, ಅದರ ಏಟಿನಿಂದ ಆಳವಾದ ಗಾಯವಾಗುತ್ತದೆ.

ಕ್ಲೌನ್ ಮೀನಿನ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಬೆಳೆದ ಎರಡು ಹೆಣ್ಣುಗಳನ್ನು ಕೂಡಿಡಬಾರದು. ಜೋಡಿಗೆ ಒಂದು ದೊಡ್ಡ ಮೀನು, ಒಂದು ಎಳೆಯ ಚಿಕ್ಕ ಮೀನು ಆರಿಸುವುದು ಉತ್ತಮ.

ಮುನ್ನೆಚ್ಚರಿಕೆ ಕ್ರಮಗಳು

1. ಸಾಧು ಸ್ವಭಾವದ ಮೀನುಗಳನ್ನು ಮೊದಲು, ಜಗಳಗಂಟ ಮೀನುಗಳನ್ನು ಕೊನೆಗೆ ಬಿಡಬೇಕು.

2. ಮೀನುಗಳ ಸಂಖ್ಯೆಗಿಂತ ಹೆಚ್ಚು ಅಡಗುತಾಣಗಳಿರಲಿ. ಕಲ್ಲುಗಳನ್ನು ಒಂದು ಮೀನಿಗೆ ಇನ್ನೊಂದು ಕಾಣದಂತೆ ಜೋಡಿಸಿರಿ. ಸಮುದ್ರದಿಂದ ಹವಳ ಕಿತ್ತು ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

3. ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

4. ಅನಂತರ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ದೊಡ್ಡ ತೊಟ್ಟಿಯೊಳಗೇ ಕೆಲವು ದಿನ ಇಡಿರಿ. ಹಳೆಯವು ಅದನ್ನು ನೋಡಿ ಒಗ್ಗಿಕೊಳ್ಳುತ್ತವೆ. ಬಿಡುವ ಮುನ್ನ ಹಳೆಯ ಮೀನುಗಳಿಗೆ ಆಹಾರ ಕೊಟ್ಟು, ದೀಪ ಆರಿಸಿರಿ.

5. ಆಹಾರವನ್ನು ಎರಡು ಕಡೆ ಹಾಕಿದರೆ ಬಲವಾದ ಮೀನೊಂದೇ ಎಲ್ಲವನ್ನೂ ಕಬಳಿಸಲಾರದು.

ಕಾದಾಟ ಮೊದಲಾದರೆ

ಮೊದಲ ದಿನಗಳ ಅಲ್ಪಸ್ವಲ್ಪ ಅಟ್ಟಾಟ ಸಹಜ. ಆದರೆ ರೆಕ್ಕೆ ಹರಿದಿದ್ದರೆ, ಮೀನು ಮೂಲೆ ಸೇರಿ ಏದುತ್ತಿದ್ದರೆ, ಆಹಾರಕ್ಕೆ ಬಾರದಿದ್ದರೆ ತಡಮಾಡಬಾರದು. ಗಾಯಗೊಂಡ ಮೀನನ್ನು ಅಷ್ಟೇ ಉಪ್ಪಿನಂಶ ಮತ್ತು ಉಷ್ಣತೆಯ ಬೇರೆ ನೀರಿನಲ್ಲಿಟ್ಟು ಆರೈಕೆ ಮಾಡಬೇಕು. ಕಾಡುವ ಮೀನನ್ನು ಕೆಲವು ದಿನ ತೂತಿನ ಡಬ್ಬಿಯಲ್ಲಿಟ್ಟು, ಅಷ್ಟರಲ್ಲಿ ಕಲ್ಲುಗಳ ಸ್ಥಾನ ಬದಲಿಸಿರಿ. ಮರಳಿ ಬಿಟ್ಟಾಗ ಅದರ ಹಳೆಯ ಜಾಗವೇ ಇರದುದರಿಂದ ಎಲ್ಲವೂ ಹೊಸದಾಗಿ ನೆಲೆ ಹುಡುಕಬೇಕಾಗುತ್ತದೆ. ಆದರೂ ಕಾಡಿದರೆ ಆ ಮೀನನ್ನು ಮಾರಿದವರಿಗೇ ಹಿಂದಿರುಗಿಸಿರಿ. ಸಮುದ್ರಕ್ಕೆ ಮಾತ್ರ ಬಿಡಬೇಡಿರಿ.

ಹಸು ತರುವ ಮುಂಚೆ ಗೂಟ ನೆಡುವಂತೆ, ಮೀನು ತರುವ ಮುಂಚೆ ಅದಕ್ಕೊಂದು ನೆಲೆಯನ್ನು ಸಿದ್ಧಪಡಿಸಿದರೆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.