ಅನ್ನವಿತ್ತ ಹೊಗೆ, ಉಸಿರು ಕಸಿದ ಹೊಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮೊನಾಂಗಹೀಲಾ ಎಂಬ ನದಿಯಿದೆ. ಉತ್ತರಾಭಿಮುಖವಾಗಿ ಹರಿಯುವ ಇದು ಪಿಟ್ಸ್‌ಬರ್ಗ್‌ ನಗರದಲ್ಲಿ ಅಲಿಗೇನಿ ನದಿಯನ್ನು ಕೂಡಿಕೊಂಡು ಒಹಾಯೊ ಎಂಬ ಹೊಸ ಹೆಸರು ಪಡೆಯುತ್ತದೆ. ಅದರ ಇಕ್ಕೆಲದ ಗುಡ್ಡಗಳ ಒಡಲಲ್ಲಿ ಕಲ್ಲಿದ್ದಲು. ದಡದಲ್ಲಿ ಆ ಕಲ್ಲಿದ್ದಲನ್ನೇ ನಂಬಿ ಬೆಳೆದ ಕಾರ್ಖಾನೆಯ ಊರುಗಳು. ಅವುಗಳಲ್ಲೊಂದು ಡೊನೋರಾ. ವಾಯುಮಾಲಿನ್ಯದ ಇತಿಹಾಸವನ್ನು ಓದುವಾಗಲೆಲ್ಲ ನಾನು ಈ ಪುಟ್ಟ ಊರಿನ ಹೆಸರಿನ ಬಳಿ ಬಂದು ನಿಲ್ಲುತ್ತೇನೆ. ಅಲ್ಲಿ ಸತ್ತವರ ಸಂಖ್ಯೆ ದೊಡ್ಡದೆಂದಲ್ಲ. ಆ ಊರು ಎದುರಿಸಿದ ಪ್ರಶ್ನೆಗೆ ನಾವಿನ್ನೂ ಉತ್ತರ ಹೇಳಿಲ್ಲ ಎಂಬ ಕಾರಣಕ್ಕೆ.

ಡೊನೋರಾ ಪುರಸಭೆಯಾದದ್ದು 1901ರಲ್ಲಿ. ಉಕ್ಕು ಮತ್ತು ತಂತಿಯ ಕಾರ್ಖಾನೆಗಳ ಜೊತೆಗೆ 1915ರಲ್ಲಿ ಸತುವಿನ ಕಾರ್ಖಾನೆಯೂ ಆರಂಭವಾಯಿತು. ಎಲ್ಲವೂ ಯು.ಎಸ್. ಸ್ಟೀಲ್ ಎಂಬ ಬೃಹತ್ ಕಂಪನಿಯ ಅಂಗಸಂಸ್ಥೆಗೆ ಸೇರಿದವು. ಯುರೋಪಿನ ಹಲವು ದೇಶಗಳ ಬಡವರು ಕೆಲಸ ಅರಸಿ ಇಲ್ಲಿಗೆ ಬಂದರು. ಸತುವಿನ ಕುಲುಮೆಗಳ ಹೊಗೆಗೆ ಗುಡ್ಡದ ಹಸಿರು ಸತ್ತಿತು. ನದಿಯಾಚೆಯ ವೆಬ್‌ಸ್ಟರ್ ಎಂಬ ಊರಿನ ರೈತರು ಬೆಳೆ ಹಾಳಾಯಿತೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಡೊನೋರಾದವರು ಮಾತ್ರ ಹೆಚ್ಚು ಮಾತನಾಡಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ನೀತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಹೊಗೆ ಕಂಡರೆ ಕುಲುಮೆ ಉರಿಯುತ್ತಿದೆ, ಕುಲುಮೆ ಉರಿದರೆ ಮನೆಯ ಒಲೆಯೂ ಉರಿಯುತ್ತದೆ ಎಂಬುದೇ ಅಲ್ಲಿಯ ಲೆಕ್ಕವಾಗಿತ್ತು.

1948ರ ಅಕ್ಟೋಬರ್ ಕೊನೆಯ ವಾರ ಆ ಲೆಕ್ಕ ತಪ್ಪಿತು. ಸಾಮಾನ್ಯವಾಗಿ ನೆಲದ ಸಮೀಪದ ಬಿಸಿಗಾಳಿ ಮೇಲೇರುತ್ತದೆ. ಹೊಗೆಯೂ ಅದರೊಡನೆ ಹೋಗಿ ಚದುರುತ್ತದೆ. ಅಂದು ತಂಪಾದ ಗಾಳಿ ಕಣಿವೆಯ ತಳದಲ್ಲಿ ಸಿಕ್ಕಿಕೊಂಡು, ಬೆಚ್ಚನೆಯ ಗಾಳಿಯ ಪದರ ಮೇಲೆ ಮುಚ್ಚಳದಂತೆ ಕೂತಿತು. ಗಂಧಕದ ಅನಿಲ, ಲೋಹದ ಕಣಗಳು, ಮಸಿ ಎಲ್ಲವೂ ಮಂಜಿನೊಡನೆ ಬೆರೆತು ಊರಿನ ಮೇಲೆ ನಿಂತವು. ಕುಲುಮೆಗಳು ಉರಿಯುತ್ತಲೇ ಇದ್ದವು. ಹೊಗೆಗೆ ಒಗ್ಗಿಹೋಗಿದ್ದ ಜನ ಶುಕ್ರವಾರ ಹಬ್ಬದ ಮೆರವಣಿಗೆ ನಡೆಸಿದರು. ಶನಿವಾರ ಶಾಲಾ ತಂಡಗಳ ಫುಟ್‌ಬಾಲ್ ಪಂದ್ಯವನ್ನೂ ಆಡಿಸಿದರು. ಅಷ್ಟರಲ್ಲಾಗಲೇ ಸಾವುಗಳು ಆರಂಭವಾಗಿದ್ದವು. ಅಗ್ನಿಶಾಮಕ ಸ್ವಯಂಸೇವಕರು ಆಮ್ಲಜನಕದ ಸಿಲಿಂಡರ್ ಹೊತ್ತು ದಾರಿ ತಡವರಿಸುತ್ತಾ ಮನೆಯಿಂದ ಮನೆಗೆ ನಡೆದರು. ಅಕ್ಟೋಬರ್ 31ರ ಭಾನುವಾರ ಬೆಳಿಗ್ಗೆಯಷ್ಟೇ ಸತುವಿನ ಕುಲುಮೆಗಳನ್ನು ತಗ್ಗಿಸಲಾಯಿತು. ಅದೇ ದಿನ ಮಳೆ ಬಂದು ಗಾಳಿ ತಿಳಿಯಾಯಿತು. ಸತ್ತವರು 20 ಮಂದಿ. ಸುಮಾರು 14,000 ಜನರ ಊರಿನಲ್ಲಿ ಆರು ಸಾವಿರದಷ್ಟು ಮಂದಿ ಅಸ್ವಸ್ಥರಾಗಿದ್ದರು.

ಮುಂದೆ ನಡೆದದ್ದು ನಮಗೂ ಅಪರಿಚಿತವಲ್ಲ. ಕೆಲವೇ ದಿನಗಳಲ್ಲಿ ಕಾರ್ಖಾನೆ ಮತ್ತೆ ಕೆಲಸ ಆರಂಭಿಸಿತು. ಇದು ದೈವಕೃತ್ಯ, ಅಸಾಮಾನ್ಯ ಹವಾಮಾನದ ಫಲ ಎಂಬುದು ಕಂಪನಿಯ ವಾದ. ಸಾರ್ವಜನಿಕ ಆರೋಗ್ಯ ಸೇವಾ ಇಲಾಖೆ ತನಿಖೆ ನಡೆಸಿ 1949ರಲ್ಲಿ ವರದಿ ಕೊಟ್ಟಿತು. ಹಲವು ಮಾಲಿನ್ಯಕಾರಕಗಳು ಸೇರಿ ಅನಾಹುತವಾಯಿತೆಂದಿತೇ ಹೊರತು ಇಂಥದ್ದೇ ಕಾರಣವೆಂದು ಬೆರಳು ತೋರಿಸಲಿಲ್ಲ. ಸಂತ್ರಸ್ತರ ಮೊಕದ್ದಮೆಗಳು, ಕಂಪನಿ ಹೊಣೆ ಒಪ್ಪಿಕೊಳ್ಳದೆಯೇ, ರಾಜಿಯಲ್ಲಿ ಮುಗಿದವು.

ಹವಾಮಾನವನ್ನು ದೂರುವುದರಲ್ಲಿ ಅರ್ಧ ಸತ್ಯವಿದೆ. ಮುಚ್ಚಳ ಪ್ರಕೃತಿಯದು, ನಿಜ. ಆದರೆ ಪಾತ್ರೆಯೊಳಗಿದ್ದುದು ಯಾರದು? ದೆಹಲಿಯ ಚಳಿಗಾಲದ ಕುರಿತು ಇಂದು ಕೇಳಿಬರುವ ವಿವರಣೆಗಳಲ್ಲೂ ನನಗೆ ಇದೇ ಅರ್ಧ ಸತ್ಯ ಕಾಣುತ್ತದೆ. ಗಾಳಿ ಬೀಸಲಿಲ್ಲ, ಮಂಜು ಕವಿಯಿತು ಎನ್ನುತ್ತೇವೆ. ಗಾಳಿ ಬೀಸಿದಾಗಲೂ ಆ ವಿಷ ಉತ್ಪತ್ತಿಯಾಗುತ್ತಲೇ ಇರುತ್ತದೆ, ನಮ್ಮ ಕಣ್ಣಿಂದ ಮರೆಯಾಗಿರುತ್ತದೆ ಅಷ್ಟೆ. ಡೊನೋರಾದಲ್ಲಿ ಅಂದು ಅಸ್ವಸ್ಥರಾಗಿ ಚೇತರಿಸಿಕೊಂಡವರ ಆರೋಗ್ಯ ವರ್ಷಗಳ ನಂತರವೂ ಉಳಿದವರಿಗಿಂತ ಕೆಟ್ಟಿತ್ತೆಂದು ಬಳಿಕದ ಅಧ್ಯಯನ ತೋರಿಸಿತು.

ಈ ದುರಂತ ವ್ಯರ್ಥವಾಗಲಿಲ್ಲ ಎಂಬುದೂ ನಿಜ. 1950ರಲ್ಲಿ ಅಧ್ಯಕ್ಷ ಟ್ರೂಮನ್ ವಾಯುಮಾಲಿನ್ಯ ಕುರಿತ ರಾಷ್ಟ್ರೀಯ ಸಮ್ಮೇಳನ ಕರೆಸಿದರು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ಜಗತ್ತು ಇನ್ನಷ್ಟು ಎಚ್ಚೆತ್ತಿತು. ಅಮೆರಿಕದಲ್ಲಿ 1955ರಲ್ಲಿ ಮೊದಲ ಕೇಂದ್ರೀಯ ಕಾಯ್ದೆ, 1963ರಲ್ಲಿ ಶುದ್ಧ ಗಾಳಿ ಕಾಯ್ದೆ, 1970ರಲ್ಲಿ ಅದಕ್ಕೆ ನಿಜವಾದ ಹಲ್ಲುಗಳು ಬಂದವು. ಭಾರತ ತನ್ನ ವಾಯು ಕಾಯ್ದೆಯನ್ನು ರೂಪಿಸಿದ್ದು 1981ರಲ್ಲಿ.

ಆದರೆ ಈ ಇಸವಿಗಳನ್ನು ಡೊನೋರಾದ ಇಸವಿಗಳ ಪಕ್ಕದಲ್ಲಿಟ್ಟು ನೋಡಬೇಕು. ಸತುವಿನ ಕಾರ್ಖಾನೆ ಮುಚ್ಚಿದ್ದು 1957ರಲ್ಲಿ. ಉಕ್ಕಿನ ಕಾರ್ಖಾನೆ 1960ರ ದಶಕದಲ್ಲಿ. ಅಂದರೆ ಬಿಗಿಯಾದ ಕಾನೂನು ಬರುವ ಮೊದಲೇ ಕಾರ್ಖಾನೆಗಳು ಹೊರಟುಹೋಗಿದ್ದವು. ಪರಿಸರ ಕಾಯ್ದೆಗಳು ಬಡವರ ಕೆಲಸ ಕಸಿಯುತ್ತವೆ ಎಂಬ ವಾದ ಕೇಳಿದಾಗಲೆಲ್ಲ ನನಗೆ ಈ ಕಾಲಕ್ರಮ ನೆನಪಾಗುತ್ತದೆ. ಇಲ್ಲಿ ಕೆಲಸವನ್ನು ಕಸಿದದ್ದು ಶುದ್ಧ ಗಾಳಿಯ ಕಾಯ್ದೆಯಲ್ಲ. ಜನ ದಶಕಗಳ ಕಾಲ ಮೌನವಾಗಿದ್ದು ತೀರಿಸಿದ ಅನ್ನದ ಋಣವೂ ಆ ಕೆಲಸವನ್ನು ಉಳಿಸಲಿಲ್ಲ. ಋಣ ಒಂದೇ ಕಡೆಯದಾಗಿತ್ತು. 2020ರ ಜನಗಣತಿಯ ವೇಳೆಗೆ ಡೊನೋರಾದಲ್ಲಿದ್ದವರು ಐದು ಸಾವಿರಕ್ಕೂ ಕಡಿಮೆ.

2008ರಲ್ಲಿ ಊರಿನವರು ಆ ಹೊಗೆಮಂಜಿನ ನೆನಪಿಗೆ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಶುದ್ಧ ಗಾಳಿಯ ಹೋರಾಟ ಆರಂಭವಾದದ್ದು ತಮ್ಮಲ್ಲಿಯೇ ಎಂದು ಈಗ ಅವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಅಭಿಮಾನ ಅವರ ಹಕ್ಕು. ಕಲಿಯಬೇಕಾದವರು ನಾವು. ಅನ್ನವೋ ಉಸಿರೋ ಆರಿಸಿಕೊಳ್ಳಿ ಎಂದು ಕಾರ್ಮಿಕರ ಊರಿಗೆ ಹೇಳುವವರು ಸಾಮಾನ್ಯವಾಗಿ ಆ ಊರಿನಲ್ಲಿ ವಾಸವಾಗಿರುವುದಿಲ್ಲ. ಯಾವುದೇ ಹೊಸ ಕಾರ್ಖಾನೆಗೆ ಅನುಮತಿ ನೀಡುವ ಮುನ್ನ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಅದರ ಚಿಮಣಿಯ ನೆರಳಿನಲ್ಲಿ ಯಾರ ಮನೆಗಳಿವೆ ಎಂಬುದು.