ಗುಡ್ಡದ ಹಾದಿಗೆ ಯಾವ ಎಟಿವಿ?

ಪ್ರಶ್ನೆ: ಅಮೆರಿಕದ ಉಟಾದಲ್ಲಿದ್ದೇನೆ. ಪೈಯೂಟ್ ಟ್ರೇಲ್‌ನಲ್ಲಿ ಓಡಿಸಲು ದೊಡ್ಡ ಎಟಿವಿ (ಕಚ್ಚಾ ಹಾದಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಕೊಳ್ಳಬೇಕು. ಪೊಲಾರಿಸ್ ಸ್ಪೋರ್ಟ್ಸ್‌ಮನ್ ಎಕ್ಸ್‌ಪಿ 1000 ಒಳ್ಳೆಯದೋ, ಯಮಹಾ ಗ್ರಿಜ್ಲಿ 700 ಒಳ್ಳೆಯದೋ?

ಉತ್ತರ: ಎಂಜಿನ್ನಿಗಿಂತ ಮೊದಲು ಅಗಲ ನೋಡಿ. ಅಲ್ಲಿನ ಅರಣ್ಯ ಇಲಾಖೆಯ ಎಷ್ಟೋ ಹಾದಿಗಳಲ್ಲಿ 50 ಇಂಚಿಗಿಂತ ಅಗಲದ ಗಾಡಿಗೆ ಪ್ರವೇಶವಿಲ್ಲ. ಸ್ಪೋರ್ಟ್ಸ್‌ಮನ್‌ನ ಸಾಮಾನ್ಯ ಮಾದರಿ ಈ ಮಿತಿಯೊಳಗಿದೆ. 'ಎಸ್' ಮಾದರಿ 55 ಇಂಚು. ಓರೆಯಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಇಂಥ ಹಾದಿಗಳು ಕೈತಪ್ಪುತ್ತವೆ.

ಪೈಯೂಟ್ ಹಾದಿ 10,000 ಅಡಿ ದಾಟಿ ಏರುತ್ತದೆ. ಸಾವಿರ ಅಡಿಗೆ ಸುಮಾರು ಶೇ. 3ರಂತೆ ಎಂಜಿನ್ ಬಲ ಕುಗ್ಗುವುದರಿಂದ, ಮೇಲೆ ತಲುಪುವಾಗ ಮೂರನೇ ಒಂದು ಭಾಗದಷ್ಟು ಹೋಗಿರುತ್ತದೆ. ಸ್ಪೋರ್ಟ್ಸ್‌ಮನ್‌ನ 952 ಸಿಸಿ ಜೋಡಿ ಸಿಲಿಂಡರ್ ಇಲ್ಲಿ ನೆರವಾಗುವುದು ನಿಜ. ಆದರೂ ಅಪಾಯ ಹೆಚ್ಚಿರುವುದು ಇಳಿಜಾರಿನಲ್ಲಿ. ಗ್ರಿಜ್ಲಿಯಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಹಿಡಿತ ಸಿಗುತ್ತದೆ. ಸಡಿಲ ಕಲ್ಲಿನ ಮೇಲೆ ಬ್ರೇಕ್ ಒತ್ತಿ ಜಾರುವ ಭಯ ಕಡಿಮೆ.

ಹಾಗಾಗಿ ನನ್ನ ಮತ ಗ್ರಿಜ್ಲಿಗೆ. ಎರಡೂ ಒಬ್ಬರ ಸೀಟಿನವು. ದಯವಿಟ್ಟು ಹಿಂದೆ ಯಾರನ್ನೂ ಕೂರಿಸಬೇಡಿ, ಹೆಲ್ಮೆಟ್ ಮರೆಯಬೇಡಿ.